ರಾಂಜಣಗಾಂವ: ಅಂಗವಿಕಲರಿಗೆ ದೊರೆಯುವ ನೆರವು
ಅಷ್ಟವಿನಾಯಕ ಕ್ಷೇತ್ರವೂ ಕೈಗಾರಿಕಾ ವಸಾಹತೂ ಆಗಿರುವ, ಪುಣೆ ಜಿಲ್ಲೆಯ ಶಿರೂರು ತಾಲೂಕಿನ ರಾಂಜಣಗಾಂವದಲ್ಲಿ ಅಂಗವಿಕಲರ ನೆರವಿಗೆ ಆಧಾರವಾಗಿರುವುದು 21 ಬಗೆಯ ವೈಕಲ್ಯಗಳನ್ನು ಗುರುತಿಸಿದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ. ವೈದ್ಯರು ಶೇ. 40 ಅಥವಾ ಅದಕ್ಕಿಂತ ಹೆಚ್ಚೆಂದು ಪ್ರಮಾಣೀಕರಿಸಿದ ವೈಕಲ್ಯಕ್ಕೆ 'ಮಾನದಂಡ ವೈಕಲ್ಯ' ಎಂದು ಹೆಸರು. ಅಂಥ ವೈಕಲ್ಯವುಳ್ಳವರಿಗೆ 6ರಿಂದ 18ನೆಯ ವಯಸ್ಸಿನವರೆಗೆ ಉಚಿತ ಶಿಕ್ಷಣ, ಸರ್ಕಾರಿ ಹಾಗೂ ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 5, ಸರ್ಕಾರಿ ಹುದ್ದೆಗಳಲ್ಲಿ ಶೇ. 4 ಮೀಸಲಾತಿ ಉಂಟು. ಆದರೆ ಇಲ್ಲಿನ ದುಡಿಮೆ ಹೆಚ್ಚಾಗಿ ಖಾಸಗಿ ಕಾರ್ಖಾನೆಗಳದ್ದು; ಅವುಗಳಿಗೆ ಕಾಯ್ದೆ ಮೀಸಲಾತಿಯನ್ನು ಕಡ್ಡಾಯಗೊಳಿಸದೆ, ಕಾರ್ಮಿಕರಲ್ಲಿ ಕನಿಷ್ಠ ಶೇ. 5ರಷ್ಟು ಅಂಗವಿಕಲರಿರುವಂತೆ ಸರ್ಕಾರ ಪ್ರೋತ್ಸಾಹ ನೀಡಬೇಕೆಂದಷ್ಟೇ ಹೇಳುವುದು ದೊಡ್ಡ ಕೊರತೆಯೇ ಸರಿ.

ಮಾಸಾಶನದ ಪ್ರಶ್ನೆ ಇನ್ನೂ ಜಟಿಲವಾದುದು. ವೈಕಲ್ಯದ ವಿಶಿಷ್ಟ ಗುರುತಿನ ಚೀಟಿ, ಅಂದರೆ ಯುಡಿಐಡಿ ಕಾರ್ಡ್, ದೇಶದಾದ್ಯಂತ ಮಾನ್ಯವಾದರೂ, ತಹಶೀಲ್ದಾರರ ಕಚೇರಿಯ ಮೂಲಕ ದೊರೆಯುವ ಸಂಜಯ ಗಾಂಧಿ ನಿರಾಧಾರ ಅನುದಾನ ಯೋಜನೆಗೆ ಮಹಾರಾಷ್ಟ್ರದಲ್ಲಿ 15 ವರ್ಷಗಳ ವಾಸ ಮತ್ತು ಆದಾಯ ಮಿತಿಯ ಷರತ್ತುಗಳಿರುವುದರಿಂದ, ದುಡಿಮೆಗೆಂದು ಕರ್ನಾಟಕದಿಂದ ಈಚೆಗೆ ಬಂದು ನೆಲೆಸಿದ ಕುಟುಂಬದ ಅಂಗವಿಕಲ ಸದಸ್ಯರು ಕಾರ್ಡ್ ಕೈಯಲ್ಲಿದ್ದೂ ಈ ನೆರವಿನಿಂದ ಹೊರಗುಳಿಯುತ್ತಾರೆ. ಸ್ವಂತ ಉದ್ಯೋಗ ಹೂಡುವವರಿಗೆ 1997ರಲ್ಲಿ ಸ್ಥಾಪನೆಯಾದ ಅಂಗವಿಕಲರ ರಾಷ್ಟ್ರೀಯ ಹಣಕಾಸು ನಿಗಮದ ರಿಯಾಯಿತಿ ಸಾಲವಿದೆ. ವೃತ್ತಿ ತರಬೇತಿಯಲ್ಲಿ ಪುಣೆಗೆ ಹಳೆಯ ಪರಂಪರೆಯಿದ್ದು, ಗಾಯಗೊಂಡ ಸೈನಿಕರಿಗಾಗಿ 1917ರಲ್ಲಿ ಮುಂಬಯಿಯಲ್ಲಿ ಆರಂಭವಾದ ಕ್ವೀನ್ ಮೇರೀಸ್ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್ ಮುಂದೆ ಪುಣೆಯ ಖಡ್ಕಿಯಲ್ಲಿ ನೆಲೆಗೊಂಡಿತು.