ಮಗನ ಕಾಯಿಲೆ, ತಂದೆಯ ಯಂತ್ರ

1962ರಲ್ಲಿ ಅಮೆರಿಕದ ಐಬಿಎಂ ಕಂಪನಿಯ ಎಂಜಿನಿಯರ್ ಜಾರ್ಜ್ ಜಡ್ಸನ್ ಅವರ ಹದಿಹರೆಯದ ಮಗನಿಗೆ ರಕ್ತದ ಕ್ಯಾನ್ಸರ್ ಇರುವುದು ಗೊತ್ತಾಯಿತು. ಬೆಥೆಸ್ಡಾದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಗೆ ಮಗನನ್ನು ಕರೆತಂದ ತಂದೆಯ ಕಣ್ಣಿಗೆ ಬಿದ್ದದ್ದು ಅಲ್ಲಿನ ಒಂದು ನಿಧಾನದ ಕೆಲಸ: ರಕ್ತವನ್ನು ಚೀಲ ಚೀಲವಾಗಿ ತೆಗೆದು, ಅದರಿಂದ ಬಿಳಿಕಣಗಳನ್ನು ಬೇರ್ಪಡಿಸುವುದು. ಸೋಂಕಿನಿಂದ ನರಳುವ ರೋಗಿಗಳಿಗೆ ಆ ಕಣಗಳು ಬೇಕಾಗಿದ್ದವು. ಇದಕ್ಕೊಂದು ಯಂತ್ರ ಮಾಡಬಹುದಲ್ಲ ಎಂದು ಜಡ್ಸನ್ ವೈದ್ಯ ಎಮಿಲ್ ಫ್ರೈರೈಕ್ ಅವರಿಗೆ ಹೇಳಿದರು. 1965ರ ಹೊತ್ತಿಗೆ ಇಬ್ಬರೂ ಸೇರಿ ಅದನ್ನು ಮಾಡಿಯೂ ತೋರಿಸಿದರು.

ಮಜ್ಜಿಗೆ ಕಡೆಯುವುದನ್ನು ಕಂಡವರಿಗೆ ಅದರ ತತ್ವ ಹೊಸದಲ್ಲ. ಒಂದು ತೋಳಿನಿಂದ ಬಂದ ರಕ್ತ ಗಿರಗಿರನೆ ತಿರುಗುವ ಪಾತ್ರೆಗೆ ಹೋಗುತ್ತದೆ. ಭಾರದ ಕೆಂಪುಕಣ ಹೊರಗೋಡೆಗೆ ಸರಿಯುತ್ತದೆ, ಹಗುರವಾದ ಪ್ಲಾಸ್ಮಾ ಒಳಗೆ ಉಳಿಯುತ್ತದೆ, ನಡುವೆ ಕೆನೆಯಂತೆ ಬಿಳಿಕಣಗಳ ತೆಳು ಪದರ ನಿಲ್ಲುತ್ತದೆ. ಆ ಕೆನೆಯನ್ನಷ್ಟೇ ತೆಗೆದು, ಮಿಕ್ಕಿದ್ದನ್ನು ಇನ್ನೊಂದು ತೋಳಿಗೆ ಮರಳಿಸುತ್ತಾರೆ.

ಮುಂದೊಂದು ದಿನ ಆ ಕೆನೆಯಲ್ಲಿ ಆಕರಕೋಶಗಳನ್ನು ಹುಡುಕುತ್ತಾರೆಂದು ಆಗ ಯಾರೂ ಎಣಿಸಿರಲಿಲ್ಲ. ರಕ್ತದ ಎಲ್ಲ ಬಗೆಯ ಕಣಗಳಿಗೂ ತಾಯಿಬೇರಾದ ಈ ಸ್ಟೆಮ್ ಸೆಲ್‌ಗಳ ಮನೆ ಅಸ್ಥಿಮಜ್ಜೆ. ಕ್ಯಾನ್ಸರ್‌ಗೆ ಅತಿ ಪ್ರಬಲ ಕೀಮೋಥೆರಪಿ ಕೊಟ್ಟರೆ ರೋಗದ ಜೊತೆಗೆ ಮಜ್ಜೆಯೂ ಸಾಯುತ್ತದೆ. ಆದ್ದರಿಂದ ರೋಗಿಯ ಮಜ್ಜೆಯನ್ನೇ ಮೊದಲು ತೆಗೆದು, ಹೆಪ್ಪುಗಟ್ಟಿಸಿ ಇಟ್ಟು, ಆಮೇಲೆ ಹಿಂದಿರುಗಿಸುವ ದಾರಿ ಹುಟ್ಟಿತು. ತೆಗೆಯುವುದೆಂದರೆ ಅರಿವಳಿಕೆ ಕೊಟ್ಟು, ಸೊಂಟದ ಮೂಳೆಗೆ ಮತ್ತೆ ಮತ್ತೆ ಸೂಜಿ ಚುಚ್ಚುವುದು. ಮಜ್ಜೆಗೇ ಕ್ಯಾನ್ಸರ್ ಹಬ್ಬಿದ್ದರೆ, ಸೊಂಟಕ್ಕೆ ಮೊದಲೇ ವಿಕಿರಣ ಕೊಟ್ಟಿದ್ದರೆ, ಆ ರೋಗಿಗೆ ಈ ಬಾಗಿಲು ಬಹುಮಟ್ಟಿಗೆ ಮುಚ್ಚಿದಂತೆಯೇ.

ಆಕರಕೋಶಗಳು ರಕ್ತದಲ್ಲೂ ಓಡಾಡುತ್ತವೆ ಎಂದು ಗುಡ್‌ಮನ್ ಮತ್ತು ಹಾಡ್ಜ್‌ಸನ್ 1962ರಲ್ಲೇ ಇಲಿಗಳಲ್ಲಿ ತೋರಿಸಿದ್ದರು. ಆದರೆ ಮನುಷ್ಯರ ರಕ್ತದಲ್ಲಿ ಅವು ತೀರಾ ವಿರಳ. 1976ರಲ್ಲಿ ರಿಚ್‌ಮನ್ ಮತ್ತು ಸಂಗಡಿಗರು ಒಂದು ವಿಚಿತ್ರ ಗಮನಿಸಿದರು: ಕೀಮೋ ಹೊಡೆತದಿಂದ ಮಜ್ಜೆ ಚೇತರಿಸಿಕೊಳ್ಳುವ ದಿನಗಳಲ್ಲಿ ಈ ಬಳಗದ ಕೋಶಗಳು ರಕ್ತಕ್ಕೆ ದಂಡಿಯಾಗಿ ಇಳಿಯುತ್ತವೆ. ಹೊಡೆದ ಮದ್ದೇ ಅವನ್ನು ಹೊರಗೆ ತಂದಿತ್ತು. ಸಮಯ ನೋಡಿ ಯಂತ್ರ ಹಚ್ಚಿದರಾಯಿತು.

ಆದರೂ ಅನುಮಾನವಿತ್ತು. ರಕ್ತದಲ್ಲಿ ಸಿಕ್ಕ ಕೋಶಗಳು ನಾಲ್ಕು ದಿನ ಬಾಳಿ ಸೋತುಬಿಟ್ಟರೆ? ಮಜ್ಜೆ ಇಲ್ಲದ ರೋಗಿಗೆ ಅದು ಸಾವು. 1985–86ರಲ್ಲಿ ಅಡಿಲೇಡ್, ಹೈಡೆಲ್‌ಬರ್ಗ್, ಬೋರ್ಡೋ, ಒಮಾಹಾ ಆಸ್ಪತ್ರೆಗಳ ರೋಗಿಗಳು ಈ ಪಣಕ್ಕೆ ಮೈಯೊಡ್ಡಿದರು. ಅವರ ರಕ್ತ ಮತ್ತೆ ಬೆಳೆದದ್ದೇ ಮೊದಲ ಉತ್ತರ.

ಎರಡನೆಯ ನೆರವೂ ಬೇರೆ ಕೆಲಸಕ್ಕೆ ಹುಟ್ಟಿದ್ದೇ. ಬಿಳಿಕಣ ಹೆಚ್ಚಿಸಿ ಸೋಂಕು ತಡೆಯಲೆಂದು ತಂದ ಜಿ-ಸಿಎಸ್‌ಎಫ್ ಚುಚ್ಚುಮದ್ದು ಈ ಕೋಶಗಳನ್ನೂ ರಕ್ತಕ್ಕೆ ಇಳಿಸುತ್ತದೆ ಎಂದು 1988ರಲ್ಲಿ ಮೆಲ್ಬರ್ನ್‌ನಲ್ಲಿ ತಿಳಿಯಿತು. ಹೀಗೆ ಸಂಗ್ರಹಿಸಿದ ಕೋಶ ಕೊಟ್ಟರೆ ಪ್ಲೇಟ್‌ಲೆಟ್‌ಗಳು ಬೇಗ ಏರುತ್ತವೆಂದು 1992ರಲ್ಲಿ ಅಲ್ಲಿಯವರೇ ತೋರಿಸಿದರು. ಅದಕ್ಕೂ ಜಗ್ಗದವರಿಗೆ 2008ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಪ್ಲೆರಿಕ್ಸಾಫಾರ್, ಮೊದಲು ಎಚ್‌ಐವಿಗೆಂದು ಪರೀಕ್ಷಿಸಿದ ಔಷಧ.

ನಮ್ಮಲ್ಲಿ ಮೊದಲ ಮಜ್ಜೆ ಕಸಿ 1983ರಲ್ಲಿ ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ ಆಯಿತು. ಇಂದು ನೀವಿರುವ ಊರಿನ ದೊಡ್ಡ ಆಸ್ಪತ್ರೆಗಳಲ್ಲೂ ಆ ಯಂತ್ರದ ಮಕ್ಕಳು ಮೊಮ್ಮಕ್ಕಳು ತಿರುಗುತ್ತಿವೆ. ದೇಹತೂಕದ ಕಿಲೋಗೆ ಕನಿಷ್ಠ 20 ಲಕ್ಷ ಕೋಶ ಬೇಕು. 60 ಕಿಲೋ ತೂಕದವರಿಗೆ 12 ಕೋಟಿ. ಇದು ಎಲ್ಲರಿಗೂ ಪೂರ್ಣ ವಾಸಿಯಲ್ಲ. ಮಯಲೋಮಾ ರೋಗಿಗಳಿಗೆ ಹೆಚ್ಚಾಗಿ ಸಿಗುವುದು ಕೆಲವು ವರ್ಷಗಳ ಬಿಡುವು. ಆ ಬಿಡುವಿಗಾಗಿ ನಮ್ಮವರೊಬ್ಬರು ಕೊಳವೆ ಚುಚ್ಚಿಸಿಕೊಂಡು ನಾಲ್ಕು ಗಂಟೆ ಅಲುಗದೆ ಮಲಗಿದ್ದಾಗ, ಪಕ್ಕದಲ್ಲಿ ಗುಂಯ್‌ಗುಡುವುದು ಒಬ್ಬ ತಂದೆ ಮಗನ ಕಾಯಿಲೆ ನೋಡಲಾರದೆ ಕೈಹಾಕಿದ ಕೆಲಸ.