ಲಿವರ್ ಮತ್ತೆ ಬೆಳೆಯುತ್ತದೆ ನಿಜ, ಹಾಗೆಂದು ನಿಶ್ಚಿಂತೆಯಿಂದ ಇರಬಹುದೇ?

ಹರಿದಾಡುವ ಮಾತು: ಲಿವರ್ ಕತ್ತರಿಸಿದರೂ ಬೆಳೆಯುತ್ತದೆ. ಕುಡಿತದಿಂದ ಹಾಳಾದರೂ ಚಿಂತೆಯಿಲ್ಲ. ಕಾಮಾಲೆಗೆ ಬೇರಿನ ರಸ ಸಾಕು.

ನಮ್ಮ ಉತ್ತರ: ಮೊದಲ ಮಾತು ಬಹುಪಾಲು ನಿಜ. ಉಳಿದೆರಡು ತಪ್ಪು.

ಬೆಳೆಯುವುದು ಹೇಗೆ?

ಹಲ್ಲಿಯ ಬಾಲದಂತೆ ಕತ್ತರಿಸಿದ ಭಾಗವೇ ಮತ್ತೆ ಮೂಡುವುದಿಲ್ಲ. ಉಳಿದ ಭಾಗ ದೊಡ್ಡದಾಗಿ ಕೊರತೆ ತುಂಬುತ್ತದೆ. 1931ರಲ್ಲಿ ಹಿಗ್ಗಿನ್ಸ್ ಮತ್ತು ಆಂಡರ್ಸನ್ ಇಲಿಯ ಲಿವರಿನ ಸುಮಾರು ಮೂರನೇ ಎರಡು ಭಾಗ ತೆಗೆದು ಇದನ್ನು ತೋರಿಸಿದರು. ಇಲಿಗೆ ಒಂದೆರಡು ವಾರ ಸಾಕು. ಲಿವರಿನ ಭಾಗ ದಾನ ಮಾಡಿದವರಿಗೆ ತಿಂಗಳುಗಳು ಬೇಕು.

ಇದೆಲ್ಲ ನಡೆಯುವುದು ಜೀವಕೋಶಗಳು ಪರಸ್ಪರ ಕಳಿಸುವ ಸಂಕೇತಗಳಿಂದ. ಪೆಟ್ಟು ಬಿದ್ದಾಗ ಲಿವರಿನ ಕಾವಲು ಕೋಶಗಳು (ಕುಪ್ಫರ್ ಕೋಶಗಳು) ಐಎಲ್-6 ಎಂಬ ಪ್ರೋಟೀನ್ ಬಿಟ್ಟು ಲಿವರ್ ಕೋಶಗಳನ್ನು ಸಜ್ಜುಗೊಳಿಸುತ್ತವೆ. ನಂತರ ಎಚ್‌ಜಿಎಫ್ ಎಂಬ ಇನ್ನೊಂದು ಪ್ರೋಟೀನ್ ಆ ಕೋಶಗಳಿಗೆ ಅಂಟಿಕೊಂಡು, ಒಂದು ಎರಡಾಗುವಂತೆ ಪ್ರೇರೇಪಿಸುತ್ತದೆ. ಸಾಕಷ್ಟು ಬೆಳೆದ ಮೇಲೆ ಟಿಜಿಎಫ್-ಬೀಟಾದಂಥ ಸಂಕೇತಗಳು ಬೆಳವಣಿಗೆಯನ್ನು ತಡೆಯುತ್ತವೆ.

ಎಡವುವುದು ಎಲ್ಲಿ?

ಒಮ್ಮೆ ಆದ ಗಾಯವನ್ನು ಲಿವರ್ ಚೆನ್ನಾಗಿ ನಿಭಾಯಿಸುತ್ತದೆ. ಆದರೆ ಮದ್ಯ, ಹೆಪಟೈಟಿಸ್ ಬಿ ಅಥವಾ ಸಿ, ಲಿವರಿನ ಕೊಬ್ಬು ವರ್ಷಗಟ್ಟಲೆ ಪೆಟ್ಟು ಕೊಡುತ್ತಿದ್ದರೆ, ಅದೇ ಟಿಜಿಎಫ್-ಬೀಟಾ ನಾರು ತಯಾರಿಸುವ ಕೋಶಗಳನ್ನು ಕೆರಳಿಸುತ್ತದೆ. ಕೆಲಸ ಮಾಡುವ ಕೋಶಗಳಿದ್ದ ಜಾಗದಲ್ಲಿ ಗಟ್ಟಿ ಕಲೆ ತುಂಬುತ್ತದೆ. ಇದು ಮಿತಿಮೀರಿದರೆ ಸಿರೋಸಿಸ್. ಬೇಗನೆ ಕಾರಣ ನಿಲ್ಲಿಸಿದರೆ ಕಲೆ ಕಡಿಮೆಯಾಗಬಹುದು. ತಡವಾದರೆ ಕಷ್ಟ.

ಬೇರಿನ ರಸಕ್ಕೆ ಹೆಸರು ಬಂದದ್ದೇಕೆ?

ಕಲುಷಿತ ನೀರು, ಆಹಾರದಿಂದ ಬರುವ ಹೆಪಟೈಟಿಸ್ ಎ ಬಹುತೇಕರಲ್ಲಿ ತಾನಾಗಿಯೇ ವಾಸಿಯಾಗುತ್ತದೆ. ರಿಪೇರಿ ಮಾಡಿದ್ದು ಲಿವರ್, ಹೆಸರು ಬಂದದ್ದು ರಸಕ್ಕೆ. ಕಾಮಾಲೆಗೆ ಹೆಪಟೈಟಿಸ್ ಬಿ, ಇಲಿಜ್ವರ, ಪಿತ್ತನಾಳದ ಕಲ್ಲು ಕಾರಣವಾಗಿದ್ದರೆ, ರಸ ಕುಡಿದು ಕಾಯುವಷ್ಟರಲ್ಲಿ ಚಿಕಿತ್ಸೆಯ ಸಮಯ ಕಳೆದುಹೋಗುತ್ತದೆ. ಕೆಲವು ಗಿಡಮೂಲಿಕೆಗಳೇ ಲಿವರಿಗೆ ಹಾನಿ ಮಾಡಬಲ್ಲವು.

ಏನು ಮಾಡಬೇಕು?

* ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದವರು ಕಣ್ಣು ಹಳದಿಯಾದರೆ ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ.
* ಮಂಪರು, ಗೊಂದಲದ ಮಾತು, ರಕ್ತವಾಂತಿ, ಹೊಟ್ಟೆ ಊತ ಇದ್ದರೆ, ಅಥವಾ ಗರ್ಭಿಣಿಗೆ ಕಾಮಾಲೆಯಾದರೆ, ಒಂದು ದಿನವೂ ಕಾಯಬೇಡಿ. ಹುಬ್ಬಳ್ಳಿಯ ಕೆಎಂಸಿಆರ್‌ಐನಂಥ (ಹಿಂದಿನ ಕಿಮ್ಸ್) ದೊಡ್ಡಾಸ್ಪತ್ರೆ ದೂರವಿದೆ, ಬೇಗ ಹೊರಡುವುದು ಮುಖ್ಯ.
* ಮಗು ಹುಟ್ಟಿದ 24 ಗಂಟೆಯೊಳಗೆ ಹೆಪಟೈಟಿಸ್ ಬಿ ಲಸಿಕೆ ಹಾಕಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಇದು ಉಚಿತ.
* ಹೆಪಟೈಟಿಸ್ ಬಿ, ಸಿ ಪರೀಕ್ಷೆ ಮತ್ತು ಚಿಕಿತ್ಸೆಯನ್ನು ಉಚಿತವಾಗಿ ಕೊಡುವ ರಾಷ್ಟ್ರೀಯ ಕಾರ್ಯಕ್ರಮ 2018ರಿಂದ ಇದೆ. ಕೇಳಿ ಪಡೆಯಿರಿ.

ಆ ಸಂದೇಶ ನಿಮ್ಮ ಗ್ರೂಪಿಗೂ ಬಂದಿದ್ದರೆ, ಕೆಳಗೆ ಇದನ್ನೂ ಹಾಕಿ.