ಕಡತದ ಒಳಮೈ

ಕಚೇರಿಯ ಫೈಲಿಗೂ ಕಂಪ್ಯೂಟರಿನ ಫೈಲಿಗೂ ನಾವು ಕನ್ನಡದಲ್ಲಿ ‘ಕಡತ’ ಎನ್ನುತ್ತೇವೆ. ಆದರೆ ಈ ಹೆಸರು ಮೊದಲಿಗೆ ಇದ್ದದ್ದು ಒಂದು ಬಟ್ಟೆಗೆ. ಉದ್ದನೆಯ ಹತ್ತಿಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಕಲಸಿ ಬಳಿಯುತ್ತಿದ್ದರು. ಒಣಗಿದ ಮೇಲೆ ಅದು ಹಲಗೆಯಂತೆ ಕಪ್ಪಗೆ, ಗಟ್ಟಿಯಾಗುತ್ತಿತ್ತು. ಅದನ್ನು ಪುಸ್ತಕದಂತೆ ಮಡಿಸಿ, ಬಳಪದ ಕಡ್ಡಿಯಿಂದ ಬರೆಯುತ್ತಿದ್ದರು. ಅಂಗಡಿಯ ಲೆಕ್ಕ, ಊರಿನ ಲೆಕ್ಕ, ಮಠದ ವ್ಯವಹಾರ ಎಲ್ಲವೂ ಅದರಲ್ಲೇ ನಡೆಯುತ್ತಿತ್ತು. ಶೃಂಗೇರಿ ಮಠದ ಕಡತಗಳನ್ನು ಇತಿಹಾಸಕಾರರು ಇಂದಿಗೂ ಆಧಾರವಾಗಿ ಬಳಸುತ್ತಾರೆ. ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟವಾದ ತನ್ನ ದಕ್ಷಿಣ ಭಾರತದ ಇತಿಹಾಸದ ಮೊದಲ ಸಂಪುಟದಲ್ಲಿ ಈ ಕಡತವನ್ನು ವರ್ಣಿಸಿದ್ದಾನೆ.

ಆ ಕಡತಕ್ಕೆ ಒಂದು ಗುಣವಿತ್ತು. ತಪ್ಪಾದರೆ ಒರೆಸಿ ಅದೇ ಜಾಗದಲ್ಲಿ ಮತ್ತೆ ಬರೆಯಬಹುದಿತ್ತು. ಕಣ್ಣಿಗೆ ಕಂಡಷ್ಟೇ ಅದರಲ್ಲಿರುವುದು ಎಂದು ಓದುವವನು ನಂಬಬಹುದಿತ್ತು.

ಈಗಿನ ಕಡತ ಹಾಗಲ್ಲ. ಪರದೆಯ ಮೇಲೆ ಕಾಣುವುದು ಅದರ ಹೊರಮೈ ಮಾತ್ರ. ಒಳಗೆ ಇನ್ನೊಂದು ಮೈಯಿದೆ. ಬರೆದವರ ಹೆಸರು, ಅಳಿಸಿದ ಸಾಲು, ತಾನಾಗಿ ಓಡುವ ಆಜ್ಞೆ, ಲೆಕ್ಕದ ಸೂತ್ರ, ಅಕ್ಷರದ ಹಿಂದಿನ ಸಂಕೇತ ಎಲ್ಲ ಅಲ್ಲಿರುತ್ತವೆ. ವರ್ಡ್, ಎಕ್ಸೆಲ್, ಪಿಡಿಎಫ್‌ಗಳನ್ನು ಜೋಪಾನವಾಗಿ ಬಳಸಿ ಎಂದು ಕಂಪ್ಯೂಟರ್ ಬಲ್ಲವರು ಹೇಳುವ ಬುದ್ಧಿಮಾತುಗಳೆಲ್ಲ ಈ ಒಳಮೈಯನ್ನು ಯಾರೋ ಮರೆತ ಒಂದು ದಿನದಿಂದ ಹುಟ್ಟಿಕೊಂಡಂಥವು. ಅಂಥ ಕೆಲವು ದಿನಗಳ ಕಥೆ ಇಲ್ಲಿದೆ.

ಎಲ್ಲರ ಗುಟ್ಟೂ ಬಯಲಾದ ದಿನ

ಅಮೆರಿಕದ ಎಂಐಟಿಯಲ್ಲಿ 1961ರಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು ಒಂದೇ ಕಂಪ್ಯೂಟರನ್ನು ಹಲವರು ಏಕಕಾಲಕ್ಕೆ ಬಳಸುವ ವ್ಯವಸ್ಥೆಯೊಂದನ್ನು ಮಾಡಿ ತೋರಿಸಿದರು. ಯಂತ್ರ ಎಲ್ಲರದ್ದು, ಕಡತಗಳು ಮಾತ್ರ ಅವರವರದ್ದು. ಅದಕ್ಕಾಗಿ ಪ್ರತಿಯೊಬ್ಬರಿಗೂ ಒಂದು ಪಾಸ್‌ವರ್ಡ್ ಕೊಟ್ಟರು. ಕಂಪ್ಯೂಟರಿನಲ್ಲಿ ಪಾಸ್‌ವರ್ಡ್ ಬಳಕೆಗೆ ಬಂದದ್ದು ಬಹುಮಟ್ಟಿಗೆ ಹೀಗೆ.

ಅಲ್ಲಿ 1966ರಲ್ಲಿ ಒಂದು ಎಡವಟ್ಟಾಯಿತು. ಒಬ್ಬ ನಿರ್ವಾಹಕರು ದಿನದ ಸೂಚನೆಯನ್ನು ತಿದ್ದುತ್ತಿದ್ದರು. ಅದೇ ಹೊತ್ತಿಗೆ ಇನ್ನೊಬ್ಬರು ಪಾಸ್‌ವರ್ಡುಗಳ ಪಟ್ಟಿಯನ್ನು ತಿದ್ದುತ್ತಿದ್ದರು. ಅವರು ಬಳಸುತ್ತಿದ್ದ ತಂತ್ರಾಂಶ ತಿದ್ದುಪಡಿಯ ವೇಳೆ ಒಂದು ತಾತ್ಕಾಲಿಕ ಕಡತ ಮಾಡಿಕೊಳ್ಳುತ್ತಿತ್ತು. ಆದರೆ ಇಬ್ಬರಿಗೂ ಅದೇ ಹೆಸರು. ಎರಡೂ ಅದಲು ಬದಲಾದವು. ಅಂದು ಕಂಪ್ಯೂಟರಿಗೆ ಪ್ರವೇಶಿಸಿದ ಪ್ರತಿಯೊಬ್ಬರಿಗೂ ಸೂಚನೆಯ ಬದಲು ಎಲ್ಲರ ಪಾಸ್‌ವರ್ಡುಗಳು ಕಂಡವು. ಇದನ್ನು ಮುಂದೆ ಕೊರ್ಬಾಟೊ ಅವರೇ ತಮ್ಮ ಟ್ಯೂರಿಂಗ್ ಪ್ರಶಸ್ತಿಯ ಉಪನ್ಯಾಸದಲ್ಲಿ ಹೇಳಿಕೊಂಡರು.

ಇಲ್ಲಿ ಕಳ್ಳನಿರಲಿಲ್ಲ. ಗುಟ್ಟುಗಳನ್ನು ಯಾರು ಬೇಕಾದರೂ ಓದಬಹುದಾದ ಸಾದಾ ಕಡತದಲ್ಲಿ ಬರೆದಿಟ್ಟಿದ್ದೇ ತಪ್ಪಾಗಿತ್ತು. ಆ ತಪ್ಪನ್ನು ನಾವು ಇಂದಿಗೂ ಮಾಡುತ್ತೇವೆ. ಇಮೇಲು, ಬ್ಯಾಂಕು, ವಿಶ್ವವಿದ್ಯಾಲಯ, ಎಲ್ಲದರ ಪಾಸ್‌ವರ್ಡುಗಳನ್ನೂ ಒಂದು ವರ್ಡ್ ಕಡತದಲ್ಲಿ ಬರೆದು, ಅದಕ್ಕೆ ‘ಪಾಸ್‌ವರ್ಡ್’ ಎಂದೇ ಹೆಸರಿಟ್ಟು ಡೆಸ್ಕ್‌ಟಾಪಿನಲ್ಲಿ ಇಟ್ಟುಕೊಳ್ಳುವವರು ಕಡಿಮೆಯೇನಿಲ್ಲ. ಈ ಕೆಲಸಕ್ಕೆಂದೇ ಪಾಸ್‌ವರ್ಡ್ ಮ್ಯಾನೇಜರ್ ತಂತ್ರಾಂಶಗಳಿವೆ.

ಪಾಸ್‌ವರ್ಡ್ ಹೇಗಿರಬೇಕು ಎಂಬ ಬುದ್ಧಿಮಾತಿಗೂ ಒಂದು ಇತಿಹಾಸವಿದೆ. ದೊಡ್ಡಕ್ಷರ, ಅಂಕಿ, ಚಿಹ್ನೆ ಬೆರೆಸಿ, ಆಗಾಗ ಬದಲಾಯಿಸಿ ಎಂಬ ನಿಯಮ ಹರಡಿದ್ದು ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆಗಾಗಿ 2003ರಲ್ಲಿ ಬಿಲ್ ಬರ್ ಬರೆದ ಕೈಪಿಡಿಯಿಂದ. ಜನ ಹಳೆಯ ಪದದ ಕೊನೆಗೆ 1ರ ಬದಲು 2 ಹಾಕಿ ಬದಲಾಯಿಸಿದೆವು ಅಂದುಕೊಂಡರು. 2017ರಲ್ಲಿ ಸಂಸ್ಥೆ ನಿಯಮವನ್ನು ತಿದ್ದಿತು. ಬರ್ ಕೂಡ ತಾವು ಬರೆದದ್ದರ ಬಗ್ಗೆ ವಿಷಾದ ಪಟ್ಟರು. ಈಗಿನ ತಿಳಿವಳಿಕೆ ಇಷ್ಟು: ಚಿಹ್ನೆಗಳ ಗೋಜಲಿಗಿಂತ ಉದ್ದ ಮುಖ್ಯ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಪದಗಳನ್ನು ಜೋಡಿಸಿದರೆ ನೆನಪಿಗೂ ಸುಲಭ, ಊಹಿಸಲೂ ಕಷ್ಟ. ಎಲ್ಲರಿಗೂ ಬಾಯಿಪಾಠವಿರುವ ವಚನದ ಸಾಲು ಮಾತ್ರ ಬೇಡ. ಒಂದು ಕಡೆ ಬಳಸಿದ್ದನ್ನು ಇನ್ನೊಂದು ಕಡೆ ಬಳಸುವುದೂ ಬೇಡ.

ಪರಿಚಿತರ ಹೆಸರಲ್ಲಿ ಬಂದ ಪತ್ರ

ವರ್ಡ್ ಕಡತವೆಂದರೆ ಬರಹ, ಬರಹದಿಂದ ಯಾರಿಗೆ ತಾನೇ ಅಪಾಯ? ತೊಂಬತ್ತರ ದಶಕದ ತನಕ ಹೆಚ್ಚಿನವರ ಎಣಿಕೆ ಹೀಗೇ ಇತ್ತು. ಆದರೆ ಪದೇಪದೇ ಮಾಡುವ ಕೆಲಸವನ್ನು ತಾನಾಗಿ ಮಾಡಿಸಲು ಕಡತದೊಳಗೇ ಸಣ್ಣ ಪ್ರೋಗ್ರಾಂ ಬರೆದಿಡುವ ಸೌಕರ್ಯ ವರ್ಡ್‌ನಲ್ಲಿತ್ತು. ಅದೇ ಮ್ಯಾಕ್ರೋ. 1995ರಲ್ಲಿ ‘ಕಾನ್ಸೆಪ್ಟ್’ ಎಂಬ ವೈರಸ್ ಮ್ಯಾಕ್ರೋದ ಮೂಲಕವೇ ಹರಡಿತು. 1999ರ ಮಾರ್ಚ್ 26ರಂದು ‘ಮೆಲಿಸ್ಸಾ’ ಬಂತು. ಕಡತ ತೆರೆದವರ ವಿಳಾಸಪಟ್ಟಿಯ ಮೊದಲ 50 ವಿಳಾಸಗಳಿಗೆ ಅದು ತನ್ನನ್ನು ತಾನೇ ಕಳಿಸಿಕೊಳ್ಳುತ್ತಿತ್ತು. ಪತ್ರ ಬರುತ್ತಿದ್ದುದು ಪರಿಚಿತರ ಹೆಸರಲ್ಲಿ. ಆದ್ದರಿಂದಲೇ ಜನ ತೆರೆದರು.

ಮರುವರ್ಷ, 2000ದ ಮೇ ತಿಂಗಳಲ್ಲಿ, ಫಿಲಿಪ್ಪೀನ್ಸ್‌ನಿಂದ ಪ್ರೇಮಪತ್ರದ ವೇಷದಲ್ಲಿ ‘ಐ ಲವ್ ಯೂ’ ಹೊರಟಿತು. ಅದರ ಕಡತದ ಹೆಸರಿನಲ್ಲಿ ಮೊದಲು ‘ಟಿಎಕ್ಸ್‌ಟಿ’ ಎಂದಿತ್ತು, ಅದರ ಹಿಂದೆ ‘ವಿಬಿಎಸ್’ ಎಂಬ ನಿಜವಾದ ಬಾಲವಿತ್ತು. ವಿಂಡೋಸ್ ಆ ಕೊನೆಯ ಬಾಲವನ್ನು ತೋರಿಸದೆ ಮರೆಮಾಡುತ್ತಿದ್ದುದರಿಂದ ಪ್ರೋಗ್ರಾಂ ಒಂದು ಸಾದಾ ಬರಹದಂತೆ ಕಂಡಿತು.

ಇಂಟರ್ನೆಟ್ಟಿನಿಂದ ಬಂದ ಕಡತಗಳ ಮ್ಯಾಕ್ರೋಗಳನ್ನು ಮೈಕ್ರೋಸಾಫ್ಟ್ ತಾನಾಗಿ ತಡೆಯತೊಡಗಿದ್ದು 2022ರಲ್ಲಿ. ಕಡತ ತೆರೆದಾಗ ಮೇಲೊಂದು ಹಳದಿ ಪಟ್ಟಿ ಮೂಡಿ ‘ಎನೇಬಲ್’ ಎಂದು ಕೇಳಿದರೆ ಈ ಕಥೆ ನೆನಪಾಗಲಿ. ಓದಲು ಬಂದ ಬರಹಕ್ಕೆ ಆ ಅಪ್ಪಣೆ ಬೇಕಾಗುವುದು ತೀರ ಅಪರೂಪ. ಕಳಿಸಿದವರಿಗೆ ಒಂದು ಫೋನ್ ಮಾಡಿ, ನೀವೇ ಕಳಿಸಿದ್ದಾ ಎಂದು ಕೇಳಿದರೆ ನಷ್ಟವಿಲ್ಲ. ವಿಂಡೋಸ್‌ನ ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ‘ವ್ಯೂ’ಗೆ ಹೋಗಿ, ಕಡತಗಳ ಬಾಲ ಕಾಣುವಂತೆ ಮಾಡಿಕೊಳ್ಳುವುದು ಅರ್ಧ ನಿಮಿಷದ ಕೆಲಸ.

ಅಳಿಸಿದರೂ ಅಳಿಯದ್ದು

2003ರ ಫೆಬ್ರವರಿಯಲ್ಲಿ ಬ್ರಿಟನ್ ಸರ್ಕಾರ ಇರಾಕ್ ಬಗೆಗಿನ ದಾಖಲೆಯೊಂದನ್ನು ಹೊರತಂದಿತು. ಅದರ ದೊಡ್ಡ ಭಾಗ ಇಬ್ರಾಹಿಂ ಅಲ್ ಮರಾಶಿ ಎಂಬ ಸಂಶೋಧಕರ ಲೇಖನದಿಂದ ಎತ್ತಿಕೊಂಡದ್ದು ಎಂಬುದನ್ನು ಕೇಂಬ್ರಿಜ್‌ನ ಗ್ಲೆನ್ ರಂಗವಾಲಾ ಗುರುತಿಸಿದರು. ಅಷ್ಟಕ್ಕೇ ಮುಗಿಯಲಿಲ್ಲ. ಜಾಲತಾಣದಲ್ಲಿ ಹಾಕಿದ್ದು ವರ್ಡ್ ಕಡತ. ಅದನ್ನು ಕೊನೆಯ ಹತ್ತು ಸಲ ಉಳಿಸಿದವರ ಬಳಕೆದಾರ ಹೆಸರುಗಳು ಅದರ ಒಳಮೈಯಲ್ಲೇ ಇದ್ದವು. ಅಧಿಕಾರಿಗಳ ಹೆಸರುಗಳನ್ನು ಲೋಕವೇ ಓದಿತು.

2005ರಲ್ಲಿ ಅದೇ ಒಳಮೈ ಒಬ್ಬ ಕೊಲೆಗಾರನನ್ನು ಹಿಡಿದುಕೊಟ್ಟಿತು. ಕಾನ್ಸಾಸ್‌ನ ವಿಚಿಟಾ ಊರಿನ ಸುತ್ತಮುತ್ತ ಹತ್ತು ಜನರನ್ನು ಕೊಂದಿದ್ದ ಡೆನ್ನಿಸ್ ರೇಡರ್ ಮೂವತ್ತು ವರ್ಷ ಸಿಕ್ಕಿಬಿದ್ದಿರಲಿಲ್ಲ. ಫ್ಲಾಪಿ ಕಳಿಸಿದರೆ ಪತ್ತೆಹಚ್ಚಬಹುದೇ ಎಂದು ಅವನೇ ಪೊಲೀಸರನ್ನು ಕೇಳಿದ. ಏನೂ ಆಗದು ಎಂದು ಅವರು ಪತ್ರಿಕೆಯ ಜಾಹೀರಾತಿನ ಮೂಲಕ ಉತ್ತರಿಸಿದರು. ಅವನು ಕಳಿಸಿದ ಫ್ಲಾಪಿಯಲ್ಲಿ ಅಳಿಸಿದ ವರ್ಡ್ ಕಡತದ ಉಳಿಕೆಯಿತ್ತು. ಅದರಲ್ಲಿ ಒಂದು ಚರ್ಚಿನ ಹೆಸರು, ಕೊನೆಗೆ ತಿದ್ದಿದವನ ಹೆಸರಾಗಿ ‘ಡೆನ್ನಿಸ್’. ಆ ತಿಂಗಳೇ ಬಂಧನವಾಯಿತು.

2019ರ ಜನವರಿಯಲ್ಲಿ ಅಮೆರಿಕದ ಪಾಲ್ ಮ್ಯಾನಫರ್ಟ್ ಅವರ ವಕೀಲರು ನ್ಯಾಯಾಲಯಕ್ಕೆ ಸಲ್ಲಿಸಿದ ಪಿಡಿಎಫ್‌ನಲ್ಲಿ ಗುಟ್ಟಿನ ಸಾಲುಗಳ ಮೇಲೆ ಕಪ್ಪು ಪಟ್ಟಿ ಎಳೆದಿದ್ದರು. ಪತ್ರಕರ್ತರು ಆ ಪಟ್ಟಿಯ ಭಾಗವನ್ನು ಕಾಪಿ ಮಾಡಿ ಬೇರೆಡೆ ಪೇಸ್ಟ್ ಮಾಡಿದರು. ಕೆಳಗಿನ ಸಾಲುಗಳು ಹಾಗೇ ಬಂದವು. ಬಟ್ಟೆಯ ಕಡತವನ್ನು ಒರೆಸಿದಂತೆ ಇದನ್ನು ಒರೆಸಲಾಗುವುದಿಲ್ಲ; ಇಲ್ಲಿ ಹೊದಿಕೆ ಹೊದಿಸಿದ್ದಷ್ಟೇ.

ನಮ್ಮ ಪಾಡು ಇಷ್ಟು ದೊಡ್ಡದಲ್ಲ. ಆದರೆ ಮಾರ್ಗದರ್ಶಕರ ಬಗ್ಗೆ ಗೆಳತಿಯೊಬ್ಬಳು ಅಂಚಿನಲ್ಲಿ ಬರೆದ ಟಿಪ್ಪಣಿ ಆ ಮಾರ್ಗದರ್ಶಕರಿಗೇ ತಲುಪಬಹುದು. ಹಳೆಯ ಅರ್ಜಿಯನ್ನು ತಿದ್ದಿ ಕಳಿಸಿದಾಗ ಕಡತದ ಲೇಖಕನೆಂದು ಬೇರೆಯವರ ಹೆಸರು ಕಾಣಬಹುದು. ಹೊರಗೆ ಕಳಿಸುವ ಮುನ್ನ ವರ್ಡ್‌ನಲ್ಲಿ ‘ಟ್ರ್ಯಾಕ್ ಚೇಂಜಸ್’ನ ತಿದ್ದುಪಡಿಗಳನ್ನೆಲ್ಲ ಒಪ್ಪಿ ಅಥವಾ ತಳ್ಳಿ ಮುಗಿಸಬೇಕು. ಆಮೇಲೆ ‘ಫೈಲ್’, ‘ಇನ್ಫೋ’ಗಳಿಗೆ ಹೋಗಿ ‘ಇನ್‌ಸ್ಪೆಕ್ಟ್ ಡಾಕ್ಯುಮೆಂಟ್’ ಒತ್ತಿದರೆ ಒಳಗೆ ಏನೇನು ಉಳಿದಿದೆ ಎಂಬ ಪಟ್ಟಿ ಸಿಗುತ್ತದೆ. ಇದನ್ನು ಪ್ರತಿಯ ಮೇಲೆ ಮಾಡಿ, ಮೂಲವನ್ನು ಹಾಗೇ ಇಟ್ಟುಕೊಳ್ಳಿ. ಮುಚ್ಚಿಡಬೇಕಾದ ಸಾಲನ್ನು ಮೂಲದಲ್ಲೇ ತೆಗೆದುಹಾಕಿ, ಆಮೇಲೆ ಪಿಡಿಎಫ್ ಮಾಡಿ.

ವಿದ್ಯಾರ್ಥಿ ಕಂಡ ಐದು ಸಾಲು

1979ರಲ್ಲಿ ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಅವರ ‘ವಿಸಿಕ್ಯಾಲ್ಕ್’ ಬಂದಾಗ ಲೆಕ್ಕದ ಹಾಳೆಯೇ ಲೆಕ್ಕ ಮಾಡತೊಡಗಿತು. ಒಂದು ಅಂಕಿ ಬದಲಿಸಿದರೆ ಮೊತ್ತ ತಾನಾಗಿ ಬದಲಾಗುತ್ತಿತ್ತು. ಸುಖ ಹೆಚ್ಚಿತು, ಆದರೆ ಲೆಕ್ಕದ ದಾರಿ ಕಣ್ಮರೆಯಾಯಿತು.

2010ರಲ್ಲಿ ಅರ್ಥಶಾಸ್ತ್ರಜ್ಞರಾದ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ ಸಾರ್ವಜನಿಕ ಸಾಲದ ಬಗ್ಗೆ ಒಂದು ಪ್ರಬಂಧ ಬರೆದರು. ಸಾಲವು ದೇಶದ ಉತ್ಪನ್ನದ ಶೇ. 90 ದಾಟಿದರೆ ಸರಾಸರಿ ಬೆಳವಣಿಗೆ ಶೂನ್ಯಕ್ಕಿಂತ ಕೆಳಗೆ, ಶೇ. -0.1ಕ್ಕೆ ಇಳಿಯುತ್ತದೆ ಎಂಬ ಅದರ ಅಂಕಿಯನ್ನು ಸರ್ಕಾರಿ ಖರ್ಚು ಕಡಿತ ಮಾಡಬೇಕೆನ್ನುವವರು ಎತ್ತಿಹಿಡಿದರು. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಥಾಮಸ್ ಹರ್ನ್‌ಡನ್ ತರಗತಿಯ ಅಭ್ಯಾಸಕ್ಕಾಗಿ ಆ ಲೆಕ್ಕವನ್ನು ಮತ್ತೆ ಮಾಡಲು ಕುಳಿತರು. ಎಷ್ಟು ಸಲ ಮಾಡಿದರೂ ತಾಳೆಯಾಗಲಿಲ್ಲ. ಲೇಖಕರಿಂದಲೇ ಎಕ್ಸೆಲ್ ಕಡತ ತರಿಸಿಕೊಂಡು ನೋಡಿದರೆ, ಸರಾಸರಿಯ ಸೂತ್ರ ಐದು ಸಾಲು ಮೊದಲೇ ನಿಂತುಬಿಟ್ಟಿತ್ತು. ಆಸ್ಟ್ರೇಲಿಯಾ, ಆಸ್ಟ್ರಿಯಾ, ಬೆಲ್ಜಿಯಂ, ಕೆನಡಾ, ಡೆನ್ಮಾರ್ಕ್ ಲೆಕ್ಕದ ಹೊರಗಿದ್ದವು. ಬಿಟ್ಟುಹೋದ ವರ್ಷಗಳು, ಸರಾಸರಿ ಕಟ್ಟಿದ ಬಗೆ ಇವನ್ನೂ ಸೇರಿಸಿ ಹರ್ನ್‌ಡನ್ ಮತ್ತು ಅವರ ಇಬ್ಬರು ಅಧ್ಯಾಪಕರು 2013ರಲ್ಲಿ ತಿದ್ದಿದಾಗ ಆ ಅಂಕಿ ಶೇ. 2.2 ಆಯಿತು. ದೊಡ್ಡ ಹೆಸರಿಗೆ ಅಂಜದೆ ಕೋಶದ ಮೇಲೆ ಕ್ಲಿಕ್ ಮಾಡಿ ಸೂತ್ರ ನೋಡಿದ್ದೇ ಆ ವಿದ್ಯಾರ್ಥಿ ಮಾಡಿದ ಸಾಹಸ.

2020ರಲ್ಲಿ ಇಂಗ್ಲೆಂಡಿನ ಆರೋಗ್ಯ ಇಲಾಖೆ ಕೋವಿಡ್ ಫಲಿತಾಂಶಗಳನ್ನು ಹಳೆಯ ‘ಎಕ್ಸ್‌ಎಲ್‌ಎಸ್’ ಮಾದರಿಯ ಹಾಳೆಗೆ ತುಂಬುತ್ತಿತ್ತು. ಆ ಹಾಳೆಯಲ್ಲಿ ಹಿಡಿಸುವುದು 65,536 ಸಾಲು ಮಾತ್ರ. ಮಿಕ್ಕದ್ದು ಸದ್ದಿಲ್ಲದೆ ಬಿದ್ದುಹೋಯಿತು. ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರ ನಡುವಿನ 15,841 ಪ್ರಕರಣಗಳು ದಿನದ ಲೆಕ್ಕದಿಂದ ತಪ್ಪಿಹೋದವು. ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕುವುದೂ ತಡವಾಯಿತು. ಅದೇ ವರ್ಷ ವಿಜ್ಞಾನಿಗಳು ಕೆಲವು ವಂಶವಾಹಿಗಳ ಹೆಸರನ್ನೇ ಬದಲಿಸಿದರು. ‘ಮಾರ್ಚ್ 1’, ‘ಸೆಪ್ಟ್ 2’ ಎಂದು ಓದಿಸಿಕೊಳ್ಳುವ ಹೆಸರುಗಳನ್ನು ಎಕ್ಸೆಲ್ ತಾರೀಖು ಎಂದುಕೊಂಡು ಬದಲಿಸಿಬಿಡುತ್ತಿತ್ತು!

ಆದ್ದರಿಂದ ಅಂಕಿಗಳನ್ನು ತುಂಬುವ ಮೊದಲೇ ಕಂಬಸಾಲು ಪಠ್ಯವೋ, ತಾರೀಖೋ, ಅಂಕಿಯೋ ಎಂದು ಗೊತ್ತುಮಾಡಿ. ಎಷ್ಟು ಸಾಲು ಒಳಹೋದವು, ಎಷ್ಟು ಹೊರಬಂದವು ಎಂದು ಎಣಿಸಿ. ಮೂಲ ಮಾಹಿತಿಯ ಹಾಳೆಯನ್ನು ಮುಟ್ಟದೆ, ಲೆಕ್ಕವನ್ನು ಬೇರೆ ಹಾಳೆಯಲ್ಲಿ ಮಾಡಿ.

ವೇಷ ಹಾಕಿದ ಕನ್ನಡ

ಕನ್ನಡದ ಕಡತಕ್ಕೆ ಇನ್ನೊಂದು ಒಳಮೈಯಿದೆ. ನನ್ನ ಗೆಳೆಯರೊಬ್ಬರು ಇಪ್ಪತ್ತು ವರ್ಷಗಳ ಹಿಂದೆ ತಮ್ಮ ಅಜ್ಜಿಯ ಬಾಯಿಂದ ಕೇಳಿದ ಬೀಸುವ ಪದಗಳನ್ನು ಟೈಪು ಮಾಡಿ ಸಿಡಿಯೊಂದರಲ್ಲಿ ಇಟ್ಟಿದ್ದರು. ಅಜ್ಜಿ ಈಗಿಲ್ಲ. ಮೊನ್ನೆ ಸಿಡಿ ತೆರೆದರೆ ಪುಟದ ತುಂಬ ಇಂಗ್ಲಿಷ್ ಅಕ್ಷರಗಳ, ಚಿಹ್ನೆಗಳ ರಾಶಿ. “ಅಜ್ಜೀನೇ ಗುರುತು ಸಿಗ್ತಿಲ್ಲ ಮಾರಾಯ” ಎಂದು ಫೋನಿನಲ್ಲಿ ಪೇಚಾಡಿಕೊಂಡರು.

ಕಾರಣ ಹೀಗಿದೆ. ಆಗಿನ ಕನ್ನಡ ಫಾಂಟುಗಳು ಕನ್ನಡದ ಅಕ್ಷರದ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕೂರಿಸುತ್ತಿದ್ದವು. ಕಣ್ಣಿಗೆ ಕನ್ನಡ, ಒಳಗೆ ಇಂಗ್ಲಿಷ್ ಸಂಕೇತ. ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ವೇಷ ಕಳಚುತ್ತಿತ್ತು. ಆ ಕಾಲದ ತಂತ್ರಾಂಶಗಳನ್ನು ಇದಕ್ಕಾಗಿ ಹಳಿಯುವಂತಿಲ್ಲ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, 1998ರಲ್ಲಿ ಬಂದ ಶೇಷಾದ್ರಿವಾಸು ಅವರ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಇಲ್ಲದಿದ್ದರೆ ಒಂದು ತಲೆಮಾರು ಕಂಪ್ಯೂಟರಿನಲ್ಲಿ ಕನ್ನಡ ಬರೆಯುತ್ತಲೇ ಇರಲಿಲ್ಲ. 1991ರ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ತನ್ನದೇ ಜಾಗ ಸಿಕ್ಕಿತ್ತು. ಅದು ನಮ್ಮ ಮೇಜಿಗೆ ಬರಲು ವರ್ಷಗಳು ಹಿಡಿದವು. ಈಗ ಯೂನಿಕೋಡ್‌ನಲ್ಲಿ ಬರೆದದ್ದನ್ನು ಹುಡುಕಬಹುದು, ಅಕಾರಾದಿಯಾಗಿ ಜೋಡಿಸಬಹುದು, ಮೊಬೈಲಿನಲ್ಲೂ ಓದಬಹುದು. ಹಳೆಯದನ್ನು ಪರಿವರ್ತಿಸುವ ತಂತ್ರಾಂಶಗಳೂ ಇವೆ.

ಗೆಳೆಯರ ಕಡತವನ್ನು ಹಾಗೆಯೇ ಪರಿವರ್ತಿಸಿದೆವು. ಅಲ್ಲಲ್ಲಿ ಅರ್ಕಾವೊತ್ತು ಜಾಗ ತಪ್ಪಿತ್ತು. ಅಜ್ಜಿಯ ದನಿಯನ್ನು ನೆನೆದುಕೊಳ್ಳುತ್ತ ಅವರು ಒಂದೊಂದೇ ಸಾಲು ತಿದ್ದಿದರು. ಸಿಡಿಯ ಕೊನೆಯ ಕಡತ ಮಾತ್ರ ತೆರೆಯಲೇ ಇಲ್ಲ. ಅದರಲ್ಲಿದ್ದ ಹಾಡುಗಳಿಗೆ ಬೇರೆ ಪ್ರತಿ ಇರಲಿಲ್ಲ.

ತಾಳೆಗರಿಯ ಕಾಲದ ಕಾವ್ಯಗಳು ನಮ್ಮ ತನಕ ಬಂದದ್ದು ಗರಿ ಗಟ್ಟಿಯಿತ್ತು ಎಂದಲ್ಲ, ಹುಳು ತಿನ್ನುವ ಮುಂಚೆ ಯಾರೋ ಪ್ರತಿ ಮಾಡಿದ್ದರು ಎಂದು. ಕಂಪ್ಯೂಟರಿನವರ ನಿಯಮವೂ ಅದೇ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಲ್ಲೋ ಕ್ಲೌಡ್‌ನಲ್ಲೋ. ಒಂದೆಡೆ ಅಳಿಸಿದರೆ ಇನ್ನೊಂದೆಡೆಯೂ ಅಳಿಯುವ ಸಿಂಕ್ ಫೋಲ್ಡರನ್ನೇ ಬ್ಯಾಕಪ್ ಎಂದು ನಂಬಿ ಕೂರಬೇಡಿ. ಹೆಸರಿನ ಮೊದಲಿಗೆ ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ತಾರೀಖು ಹಾಕಿದರೆ ಕಡತಗಳು ತಾವಾಗಿ ಸಾಲಾಗಿ ನಿಲ್ಲುತ್ತವೆ. ‘ಫೈನಲ್’, ‘ಹೊಸ ಫೈನಲ್’ಗಳ ಗೊಂದಲ ತಪ್ಪುತ್ತದೆ. ವರ್ಷಕ್ಕೊಮ್ಮೆ ಹಳೆಯ ಪ್ರತಿಗಳನ್ನು ತೆರೆದು ನೋಡಿ.

ನಮ್ಮ ಮನೆಗಳಲ್ಲಿ ಆಯುಧಪೂಜೆಯ ದಿನ ಲ್ಯಾಪ್‌ಟಾಪಿಗೂ ಕುಂಕುಮ ಹಚ್ಚುತ್ತಾರೆ. ಕುಂಕುಮ ಹಚ್ಚುವ ಮೊದಲು ಅದನ್ನೊಮ್ಮೆ ತೆರೆದು, ಹಳೆಯ ಕಡತಗಳು ಓದಲು ಬರುತ್ತವೆಯೇ ಎಂದು ನೋಡುವ ರೂಢಿಯನ್ನು ನನ್ನ ಗೆಳೆಯರು ಈಗ ಇಟ್ಟುಕೊಂಡಿದ್ದಾರೆ.